ಉಡಿಯಲ್ಲಿ ಹೋದ ಪಾಸ್‌ಪೋರ್ಟ್

ಪರರ ಕಾಗದಪತ್ರ ಕಾಯುವವನಿಗೆ ಫಜೀತಿ ತಪ್ಪಿದ್ದಲ್ಲ. ಕಾಯುವವನು ನಾನಾದರೆ ಕೇಳುವುದೇ ಬೇಡ. ಎಂಬತ್ತರ ದಶಕದಲ್ಲಿ ನಾನು ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯ ಗುಮಾಸ್ತ. ಕಲ್ಲು ಕೊಯ್ಯುವ ಯಂತ್ರ ಕೂಡಿಸಲು ಇಟಲಿಯಿಂದ ಒಬ್ಬ ಫಿಟರ್ ಬಂದ. ನನಗೆ ಇಂಗ್ಲಿಷ್ ಬರುತ್ತದೆಂದು ಜಂಬ ಕೊಚ್ಚಿದ್ದಕ್ಕೆ ಮಾಲೀಕರು ಅವನ ವೀಸಾ, ಪೊಲೀಸ್ ನೋಂದಣಿ ಎಲ್ಲವನ್ನೂ ನನ್ನ ಕೊರಳಿಗೆ ಕಟ್ಟಿದರು.

"ಪರವಾನಗಿ ಒಂದು ದಿನ ತಪ್ಪಿದ್ರೂ ಅವ ಇಟಲಿಗೆ, ನೀ ನಿನ್ನ ಮನಿಗೆ" ಎಂದರು.

ಆಮೇಲೆ ನೋಡಿದರೆ ಅವನಿಗೇ ಇಂಗ್ಲಿಷ್ ಬರುತ್ತಿರಲಿಲ್ಲ.

ಗುರುತಿನ ಚಿಹ್ನೆ

ನೋಂದಣಿ ಅರ್ಜಿಯಲ್ಲಿ 'ಗುರುತಿನ ಚಿಹ್ನೆ' ಎಂದಿತ್ತು. ಮಚ್ಚೆ ಹುಡುಕಲು ಅವನ ಅಂಗಿ ಬಿಚ್ಚಿಸುವುದು ಹೇಗೆ? 'ಮುಖ ಕೆಂಪು' ಎಂದು ಬರೆದೆ. ಠಾಣೆಯ ಹವಾಲ್ದಾರರು ಬೆವರು ಒರೆಸಿಕೊಳ್ಳುತ್ತ ಓದಿ, "ಈ ಬಿಸಲಾಗ ಇಳಕಲ್ಲಿನ್ಯಾಗ ಯಾರ ಮಾರಿ ಕೆಂಪಿಲ್ಲ, ತೋರಸ್ರಿ" ಎಂದರು.

ಊರು ಬಿಡುವ ವರದಿ

ಪರದೇಶದವನು ಊರು ಬಿಟ್ಟರೆ ಠಾಣೆಗೆ ತಿಳಿಸಬೇಕೆಂದು ಯಾರೋ ಹೆದರಿಸಿದರು. ನಾನು ಬಾದಾಮಿಯ ಗುಹೆ ನೋಡಲು ಒಂದು ಅರ್ಜಿ, ಕಲಾದಗಿಯ ದಾಳಿಂಬೆ ತಿನ್ನಲು ಒಂದು, ಕೊನೆಗೆ ಕ್ಷೌರಕ್ಕೂ ಒಂದು ಅರ್ಜಿ ಕೊಟ್ಟೆ. ಅದೇ ಹವಾಲ್ದಾರರು ಕೈ ಮುಗಿದರು.

"ಅವ ಎಲ್ಲೂ ಓಡಿ ಹೋಗೂದಿಲ್ರಿ. ನೀವು ಹಿಂಗ ಬರ್ತಿದ್ರ ನಾ ಓಡಿ ಹೋಗ್ತೇನಿ."

ಉಡಿ

ಫಿಟರನ ಪರವಾನಗಿಯ ನವೀಕರಣಕ್ಕೆ ಎರಡೇ ದಿನ ಉಳಿದಿತ್ತು. ಪಾಸ್‌ಪೋರ್ಟ್ ಭದ್ರವಾಗಿರಲೆಂದು ಮನೆಯ ಟ್ರಂಕಿನಲ್ಲಿದ್ದ ಹೊಸ ಸೀರೆಯ ಮಡಿಕೆಯಲ್ಲಿ ಇಟ್ಟೆ. ಹೆಂಡತಿಗೆ ಹೇಳಲಿಲ್ಲ, ಅಷ್ಟು ಜಾಣ ನಾನು. ನಾನು ಕಾರ್ಖಾನೆಯಲ್ಲಿದ್ದಾಗ ಬಾಗಲಕೋಟೆಯ ನನ್ನ ಅಕ್ಕ ಬಂದಳಂತೆ. ಹೆಂಡತಿ ಅದೇ ಸೀರೆ, ಖಣ, ಉತ್ತತ್ತಿ ಹಾಕಿ ಉಡಿ ತುಂಬಿ ಕಳಿಸಿದ್ದಳು.

ಮರುದಿನ ಬೆಳಿಗ್ಗೆ ಫಿಟರನನ್ನು ಎಳೆದುಕೊಂಡು ಬಾಗಲಕೋಟೆಗೆ ಓಡಿದೆ. ಅಕ್ಕ, "ಉಡಿಯಾಗ ಬಂದದ್ದು ಹೊಳ್ಳಿ ಕೊಡಬಾರದೋ ತಮ್ಮಾ" ಎಂದಳು. ಪಾಸ್‌ಪೋರ್ಟ್ ಅವಳ ಅತ್ತೆಯ ದೇವರ ಜಗಲಿ ಏರಿತ್ತು.

"ಫೋಟೋದಾಗಿನ ಗಡ್ಡ ನೋಡಿ ಯಾರೋ ಶರಣರು ಅಂದ್ಕೊಂಡ್ನೆಪ್ಪಾ. ಪ್ರಸಾದ ಅಂತ ಒಯ್ಯಿ" ಎಂದು ಅತ್ತೆ ಕೊಟ್ಟರು. ಫೋಟೋದ ಹಣೆಯ ಮೇಲೆ ನೀರಲ್ಲಿ ಕಲಸಿ ಎಳೆದ ಮೂರು ಬೆರಳಿನ ವಿಭೂತಿ! ಒರೆಸಿದರೆ ಮೇಲಿನ ಮುದ್ರೆಯೂ ಹೋದೀತೆಂದು ಹಾಗೆಯೇ ಬಸ್ಸು ಹತ್ತಿ ಜಿಲ್ಲಾ ಕಚೇರಿಗೆ ಒಯ್ದೆ.

ಅಲ್ಲಿಯ ಸಾಹೇಬರ ಹಣೆಯ ಮೇಲೂ ದಪ್ಪ ವಿಭೂತಿ. ಅವರು ಫೋಟೋ ನೋಡಿದರು, ಫಿಟರನನ್ನು ನೋಡಿದರು.

"ಇದರಾಗ ವಿಭೂತಿ ಐತಿ, ಇವನ ಹಣಿ ಖಾಲಿ ಐತಿ. ಇವ ಅವನೇ ಏನ್ರಿ?"

ಸಾಹೇಬರು ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದು, ಫಿಟರನ ಹಣೆಗೆ ತಾವೇ ಮೂರು ಪಟ್ಟಿ ಎಳೆದರು. ಅವನು ಭಕ್ತಿಯಿಂದ ಕಣ್ಣು ಮುಚ್ಚಿಕೊಂಡ.

"ಹಾಂ, ಈಗ ಹೊಂದ್ತು" ಎಂದು ಒಂದು ವರ್ಷದ ಮುದ್ರೆ ಒತ್ತಿದರು.

ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಅವರ ದೃಷ್ಟಿ, ಗಡಿಬಿಡಿಯಲ್ಲಿ ಸ್ನಾನವನ್ನೂ ಮಾಡದೆ ಓಡಿಬಂದಿದ್ದ ನನ್ನ ಬೋಳು ಹಣೆಯ ಮೇಲೆ ಬಿತ್ತು.

"ಇನ್ನ ನೀವು ಯಾವ ದೇಶದವ್ರಿ? ನಿಮ್ಮ ಪಾಸ್‌ಪೋರ್ಟ್ ತೋರಸ್ರಿ."