ಮಾವನವರ ಆಕಾಶಮಾರ್ಗ

ಶಾಲೆಯಲ್ಲಿ ಭೂಗೋಳ ಕಲಿಸುವವನಿಗೆ ಒಂದು ದೊಡ್ಡ ಅನುಕೂಲವಿದೆ. ಅವನು ಯಾವ ಊರನ್ನೂ ಕಣ್ಣಾರೆ ನೋಡಿರಬೇಕಾಗಿಲ್ಲ. ನಿಜಾಮರ ಕಾಲದ ರಾಯಚೂರಿನಲ್ಲಿ ನಾನು ಆ ವಿಷಯವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದೆ. ಹೀಗಾಗಿ ಊರವರಿಗೆಲ್ಲ ಜುಗ್ರಾಫಿಯಾ ಮಾಸ್ತರ. ಗೋಡೆಯ ನಕ್ಷೆಯ ಮೇಲೆ ಬೆತ್ತ ಆಡಿಸುತ್ತ ಹುಡುಗರನ್ನು ಬಾಗ್ದಾದಿನಿಂದ ರಂಗೂನಿನವರೆಗೆ ಸಲೀಸಾಗಿ ಕರೆದೊಯ್ಯುತ್ತಿದ್ದೆ. ಸ್ವಂತಕ್ಕೆ ಕಂಡದ್ದು ಮಾತ್ರ ಒಂದು ದಿಕ್ಕಿಗೆ ಗಿಲ್ಲೆಸುಗೂರು, ಇನ್ನೊಂದು ದಿಕ್ಕಿಗೆ ಹೆಂಡತಿಯ ತವರು ಮಾನ್ವಿ. ಆದರೂ ಜಗತ್ತಿನ ಯಾವ ಮೂಲೆಯ ಬಗ್ಗೆ ಯಾರು ಕೇಳಲಿ, ಉತ್ತರ ಕೊಡದೆ ಕಳಿಸಿದವನಲ್ಲ. ಕೇಳದವರಿಗೂ ಕೊಟ್ಟದ್ದುಂಟು.

ಮಾನ್ವಿಯಲ್ಲಿದ್ದ ನನ್ನ ಮಾವ ಶ್ರೀಪಾದಾಚಾರ್ಯರು ಗುಡಿಯಲ್ಲಿ ಪುರಾಣ ಹೇಳುವವರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಇಂದಿರಾ ನನ್ನ ಪಾಲಿಗೆ ಬಂದಳು, ಅಥವಾ ನಾನು ಅವಳ ಪಾಲಿಗೆ. ಚಿಕ್ಕವಳು ಪದ್ಮಾಳನ್ನು ದೇವದುರ್ಗದ ಗುರುರಾಜನಿಗೆ ಕೊಟ್ಟಿದ್ದರು. ಮಹಾಯುದ್ಧ ಮುಗಿಯುತ್ತಿದ್ದಂತೆ ಗುರುರಾಜನಿಗೆ ಕೊಲಂಬೋದ ಚಹಾ ಕಂಪನಿಯೊಂದರಲ್ಲಿ ನೌಕರಿ ಸಿಕ್ಕಿತು. ಅವನು ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತಿಬಿಟ್ಟ. ಸಮುದ್ರ ದಾಟುವುದು ನಿಷಿದ್ಧವೆಂದು ಜನ್ಮವಿಡೀ ಪುರಾಣ ಹೇಳಿದ ಮಾವನವರು, "ಸಮುದ್ರ ದಾಟಿದವರಿಗೆ ನಮ್ಮ ಮನಿ ಬಾಗಿಲ ಇಲ್ಲ" ಎಂದರು. ಬಾಗಿಲು ಮುಚ್ಚಿದ್ದೇನೋ ಆಯಿತು. ಆದರೆ ಮುಂದೆ ಅಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು. ತನ್ನ ಅಪ್ಪ ಬಂದು ಕಿವಿಯಲ್ಲಿ ಹೆಸರು ಹೇಳುವವರೆಗೆ ಮಗಳಿಗೆ ಹೆಸರಿಡುವುದಿಲ್ಲವೆಂದು ಪದ್ಮಾ ಹಟ ಹಿಡಿದಳು. ಕೂಸು ಅಂಬೆಗಾಲಿಡುವ ಹೊತ್ತಿಗೂ ಅದರ ಹೆಸರು ಕೂಸು ಎಂದೇ ಇತ್ತು.

ಮಾವನವರು ಈ ಸುದ್ದಿಯನ್ನು ಕೇಳಿಸಿಕೊಳ್ಳಲೇ ಇಲ್ಲ ಎಂಬಂತೆ ಇದ್ದರು. ಆದರೆ ರಾಯಚೂರಿಗೆ ಬರುವುದು ಹೆಚ್ಚಾಯಿತು. ಬಂದವರು ಕೈಕಾಲು ತೊಳೆದು ಮಣೆಯ ಮೇಲೆ ಕೂತು ನನ್ನನ್ನು ಭೂಗೋಳ ಕೇಳುವರು.

"ಏನ್ರೀ ಮಾಸ್ತರ, ಕೊಲಂಬೋದಾಗ ಥಂಡಿ ಭಾಳ ಇರತದೇನು?"

"ಇಲ್ಲರಿ, ಬರೇ ಸೆಕಿ."

"ಸಣ್ಣ ಕೂಸುಗಳಿಗೆ ಆಗಿಬರತದೋ ಹ್ಯಾಂಗ? ಸುಮ್ಮನ ಕೇಳಿದೆ. ಪುರಾಣದಾಗ ಲಂಕಾ ಪಟ್ಟಣದ ವರ್ಣನ ಬಂದದ, ಅದಕ್ಕ."

ಅವರ ಪುರಾಣ ಆ ವರ್ಷ ಲಂಕೆ ಬಿಟ್ಟು ಮುಂದೆ ಹೋಗಲೇ ಇಲ್ಲ.

ಅಂಥ ಒಂದು ದಿನ ಊಟಕ್ಕೆ ಕೂತಾಗ ನಾನು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಮದ್ರಾಸಿನಿಂದ ಕೊಲಂಬೋಕ್ಕೆ ಹೊಸ ಕಂಪನಿಯೊಂದು ವಿಮಾನ ಬಿಟ್ಟಿದೆ. ಲಡಾಯಿಯಲ್ಲಿ ಸಿಪಾಯಿಗಳನ್ನು ಹೊತ್ತ ವಿಮಾನಗಳು ಈಗ ಅಗ್ಗಕ್ಕೆ ಸಿಗುತ್ತಿವೆ, ಹಾಗಾಗಿ ಕಂಪನಿಗಳು ಅಣಬೆಯಂತೆ ಎದ್ದಿವೆ ಎಂದು ವಿವರಣೆಯನ್ನೂ ಸೇರಿಸಿದೆ. ಇಂದಿರಾ ಸಾರು ಬಡಿಸುತ್ತ, "ಶಾಸ್ತ್ರದಾಗ ಹಡಗ ಹತ್ತಬ್ಯಾಡ ಅಂದಾರ. ಹಾರಬ್ಯಾಡ ಅಂತ ಎಲ್ಲೆರೆ ಬರದಾರೇನಪ್ಪಾ?" ಎಂದಳು.

ಮಾವನವರ ತುತ್ತು ಬಾಯಿಯ ಹತ್ತಿರ ನಿಂತಿತು. ಅದನ್ನು ಎಲೆಗೆ ಇಳಿಸಿದರು. "ಹನುಮಂತದೇವರು ಹಾರೇ ಹೋಗಿದ್ದು" ಎಂದರು. ಸಾರಿನಲ್ಲಿ ಅನ್ನ ಕಲಸುತ್ತ, "ತಿರುಗಿ ಬಂದ ಮ್ಯಾಲೆ ಅವರಿಗೆ ಯಾರೂ ಪ್ರಾಯಶ್ಚಿತ್ತ ಮಾಡಿಸಿದ್ದು ನಾ ಓದಿಲ್ಲ" ಎಂದರು. ಆ ದಿನ ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಜೊತೆಗೆ ಹೋಗಬೇಕಾದವನು ನಾನು. ಜುಗ್ರಾಫಿಯಾ ಬಲ್ಲವನು ಇನ್ನಾರಿದ್ದಾರೆ? ರಜೆ ಹಾಕಿ, ಮದ್ರಾಸಿನ ರೈಲು ಹತ್ತಿ, ಮರುದಿನ ಹುಡುಕಿಕೊಂಡು ಕಂಪನಿಯ ದಫ್ತರಕ್ಕೆ ಹೋದೆವು. ಅಲ್ಲಿದ್ದ ಗುಮಾಸ್ತ ಒಳ್ಳೆಯ ಮನುಷ್ಯ, ತೆಲುಗಿನವನು. ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಕೊಲಂಬೋದ ವಿಮಾನ ನಿಂತುಹೋಗಿದೆ ಎಂದು ಹೇಳಿದ. ನಾನು ಪತ್ರಿಕೆಯಲ್ಲಿ ಬಂದದ್ದನ್ನು ಹೇಳಿದೆ. ಶುರು ಮಾಡಿದ ಸುದ್ದಿಯನ್ನು ಪತ್ರಿಕೆಯವರು ಹಾಕುತ್ತಾರೆ, ನಿಲ್ಲಿಸಿದ್ದನ್ನು ಹಾಕುವುದಿಲ್ಲ ಎಂದ.

ನಿಲ್ಲಿಸಿದ್ದೇಕೆ ಎಂಬುದನ್ನು ಅವನು ತೆಲುಗಿನಲ್ಲಿ ಹೇಳಿದ, ನಾನು ಮಾವನವರಿಗೆ ಕನ್ನಡದಲ್ಲಿ ಹೇಳಿದೆ. ಕೊಲಂಬೋಕ್ಕೆ ಹೋಗುವವರು ರಾತ್ರಿ ರೈಲು ಹತ್ತಿ ಮಲಗಿದರೆ ಸಾಕು, ಧನುಷ್ಕೋಟಿಯಲ್ಲಿ ಇಳಿದು ಹಡಗಿನಲ್ಲಿ ಸ್ವಲ್ಪ ಹೊತ್ತು ಕೂತರೆ ಆಚೆ ದಡ, ಅಲ್ಲಿಂದ ಕೊಲಂಬೋಕ್ಕೆ ಮತ್ತೆ ರೈಲು. ಇಷ್ಟು ಸುಲಭದ ದಾರಿ ಇರುವಾಗ ಹೆಚ್ಚು ದುಡ್ಡು ಕೊಟ್ಟು ಹಾರುವವರು ಯಾರು? ಹೋಗುವಾಗ ಅರ್ಧ ಜನ, ಬರುವಾಗ ಬರಿ ಕುರ್ಚಿಗಳು. ಟಪಾಲಿನ ಚೀಲ ಸಿಕ್ಕಿದ್ದರೆ ಹೇಗೋ ನಡೆಯುತ್ತಿತ್ತು, ಅದು ಬೇರೆ ಕಂಪನಿಗೆ ಹೋಯಿತು. ರಂಗೂನಿಗಾದರೆ ಹಡಗಿನಲ್ಲಿ ದಿನಗಟ್ಟಲೆ ಹೊರಳಬೇಕು. ಅಲ್ಲಿಗೆ ಹಾರಲು ಜನ ನಾ ಮುಂದು ತಾ ಮುಂದು ಎನ್ನುತ್ತಾರೆ. ಆದ್ದರಿಂದ ವಿಮಾನವನ್ನು ಆ ಕಡೆ ತಿರುಗಿಸಿದ್ದಾರೆ.

"ಅಂದ್ರ, ಹತ್ತಿರದ ಊರಿಗೆ ಹಾರಿದ್ರ ಲುಕ್ಸಾನು" ಎಂದರು ಮಾವ. "ಖರೇ ಮಾತದ. ಮಾನ್ವಿ ಬಸ್ಸಿನವನೂ ಸವಾರಿ ಇಲ್ಲಾಂದ್ರ ಬಸ್ ಬಿಡಂಗಿಲ್ಲ." ಆಮೇಲೆ ಆಸೆಯಿಂದ ಕೇಳಿದರು: "ನಾವು ರಂಗೂನಿಗೇ ಹೋಗಿ, ಅಲ್ಲಿಂದ ಕೊಲಂಬೋಕ್ಕ ಹಾರಿದ್ರ ಹ್ಯಾಂಗ?"

ಬಂಗಾಳ ಕೊಲ್ಲಿಯನ್ನು ಎರಡು ಸಲ ದಾಟುವ ಆ ದಾರಿಯನ್ನು ಮೇಜಿನ ಮೇಲೆ ಬೆರಳಿನಿಂದ ಎಳೆದು ತೋರಿಸಿದೆ. ಅವರು ಬೆರಳನ್ನು ನೋಡಿ, ಗಂಟು ಎತ್ತಿಕೊಂಡು ಎದ್ದರು.

ನಿಜ ಹೇಳಬೇಕೆಂದರೆ ನನ್ನ ಎದೆ ಆಗ ಹಗುರಾಗಿತ್ತು. ಅಷ್ಟು ಎತ್ತರದಲ್ಲಿ ತಗಡಿನ ಡಬ್ಬಿಯೊಳಗೆ ಕೂರುವುದನ್ನು ನೆನೆದು ರೈಲಿನಲ್ಲಿ ನಿದ್ದೆ ಮಾಡಿರಲಿಲ್ಲ. ಆದರೆ ಹೊರಗೆ ಬಂದು ನೋಡಿದರೆ ಮಾವನವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಗಂಟು ಬಿಚ್ಚಿ, ಅತ್ತೆ ಕೂಸಿಗೆಂದು ಹೊಲಿದುಕೊಟ್ಟ ಕುಂಚಿಗೆ ಟೊಪ್ಪಿಗೆಯನ್ನು ಮೊಳಕಾಲಿನ ಮೇಲೆ ಹರವಿಕೊಂಡು ಅದರ ಜರಿಯಂಚನ್ನು ಸವರುತ್ತಿದ್ದರು. "ಮುಂದಿನ ವರ್ಷಕ್ಕ ಇದು ತಲಿಗೆ ಆಗಂಗಿಲ್ಲ" ಎಂದರು. ನನ್ನ ಹಗುರಾದ ಎದೆಯ ಬಗ್ಗೆ ನನಗೇ ನಾಚಿಕೆಯಾಯಿತು. ನಾನೂ ಪಕ್ಕದಲ್ಲಿ ಕೂತೆ. ಜಟಕಾಗಳು ಹೋದವು, ಬಂದವು.

"ಮಾಸ್ತರ, ಆ ಹಡಗು ಧನುಷ್ಕೋಟಿಯಿಂದ ಅಲ್ಲೇನು ಹೋಗೋದು?"

"ಹೌದರಿ."

"ರಾಮದೇವರು ಸೇತು ಕಟ್ಟಿಸಿದ್ದೂ ಅಲ್ಲೇ."

"ಅದರ ಮಗ್ಗಲಿಗೇ ಹೋಗತದರಿ."

ಮಾವನವರು ಕುಂಚಿಗೆಯನ್ನು ಜೋಪಾನವಾಗಿ ಮಡಿಚಿದರು. "ದೇವರು ಕಟ್ಟಿಸಿದ ಮ್ಯಾಲೆ ಅದು ರಸ್ತಾ. ಈಗ ಮ್ಯಾಲೆ ನೀರು ನಿಂತದ, ಅಷ್ಟ. ಮಳಿಗಾಲದಾಗ ಮಾನ್ವಿ ರಸ್ತಾದ ಮ್ಯಾಲೂ ನೀರು ನಿಲ್ಲತದ. ಅದಕ್ಕ ಸಮುದ್ರ ಅಂತೀವೇನು? ಏಳ್ರಿ, ರೈಲಿನ ವ್ಯಾಳ್ಯಾ ಕೇಳ್ರಿ."

ಹಡಗಿನಲ್ಲಿ ಅವರು ಕಣ್ಣು ಮುಚ್ಚಿ ರಾಮನಾಮ ಹೇಳುತ್ತ ಕೂತರು, ಎತ್ತಿನ ಗಾಡಿಯಲ್ಲಿ ಕೂತಷ್ಟು ನಿಶ್ಚಿಂತೆಯಿಂದ. ನಾನು ಕಟಕಟೆ ಹಿಡಿದು, ಹೊಟ್ಟೆಯಲ್ಲಿದ್ದುದನ್ನೆಲ್ಲ ಆ ರಸ್ತೆಗೆ ಅರ್ಪಿಸಿದೆ.

ಕೊಲಂಬೋ ಸ್ಟೇಷನ್ನಿನಲ್ಲಿ, ನನ್ನ ತಂತಿ ನೋಡಿ ಬಂದಿದ್ದ ಗುರುರಾಜ ಹತ್ತಿರ ಬರಲು ಅಂಜಿ ದೂರದಲ್ಲೇ ನಿಂತಿದ್ದ. ಮಾವನವರು ಅವನನ್ನು ಮೇಲಿಂದ ಕೆಳಗೆ ನೋಡಿ, "ಸೊರಗೀಯಲ್ಲೋ. ಪದ್ಮಾ ಅಡಗಿ ಮಾಡೋದು ಬಿಟ್ಟಾಳೇನು?" ಎಂದರು. ಅವನು ಕಾಲಿಗೆ ಬಿದ್ದ, ಬಾಗಿಲು ತೆರೆಯಿತು. ಮನೆಯಲ್ಲಿ ಪದ್ಮಾ ಕೂಸನ್ನು ಅಪ್ಪನ ತೊಡೆಯ ಮೇಲೆ ಇಟ್ಟಳು. ಆ ಸೆಕೆಯಲ್ಲೂ ಅವರು ಅದಕ್ಕೆ ಕುಂಚಿಗೆ ತೊಡಿಸಿದರು. ಕೂಸು ಚಿಟ್ಟನೆ ಚೀರಿತು. ಆ ಚೀರಾಟದ ನಡುವೆಯೇ ಕಿವಿಯಲ್ಲಿ ಜಾನಕಿ ಎಂದು ಹೇಳಿದರು. ಹೊರಡುವ ದಿನ ಪದ್ಮಾ ಅತ್ತಾಗ, "ಹನುಮಂತದೇವರೂ ಜಾನಕೀನ ನೋಡಿ ಬಂದರವ್ವಾ, ಕರಕೊಂಡು ಬರಲಿಲ್ಲ" ಎಂದು ಸಮಾಧಾನ ಮಾಡಿದರು. ಮೆಟ್ಟಿಲಿಳಿದವರು ಮತ್ತೆ ಹತ್ತಿ ಹೋಗಿ ಕೂಸಿನ ಕುಂಚಿಗೆ ಸರಿಮಾಡಿ ಬಂದರು.

ಮಾನ್ವಿಗೆ ಮರಳಿದ ಮೇಲೆ ಗುಡಿಯಲ್ಲಿ ಹಿರಿಯರು ಸೇರಿದರು. ಆಚಾರ್ಯರೇ ಸಮುದ್ರ ದಾಟಿದರೆ ಹೇಗೆ ಎಂಬುದು ಪ್ರಶ್ನೆ. ಮಾವನವರು ರಸ್ತೆಯ ಮಾತನ್ನು ಶ್ಲೋಕಸಹಿತ ಹೇಳಿದರು. ರಾಮದೇವರ ರಸ್ತೆಯನ್ನು ಸಮುದ್ರ ಎನ್ನುವ ಧೈರ್ಯ ಅಲ್ಲಿ ಯಾರಿಗಿತ್ತು? ಎಲ್ಲರೂ ತಲೆದೂಗಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಒಬ್ಬ ಹಿರಿಯರು ಮರ್ಯಾದೆಗೆಂದು ನನ್ನ ಕಡೆ ತಿರುಗಿ, "ನೀವೂ ನೋಡಿ ಬಂದೀರಿ. ಹ್ಯಾಂಗಿತ್ತರಿ ಮಾಸ್ತರ?" ಎಂದರು.

ಯಾವ ಮಾಸ್ತರನಿಗೂ ಹಾಗೆ ಕೇಳಬಾರದು. ನಾನು ಎದ್ದು ನಿಂತು, ಆ ಜಲಸಂಧಿಯ ಅಗಲ, ಆಳ, ಅದು ಯಾವ ಕೊಲ್ಲಿಯನ್ನು ಯಾವ ಕೊಲ್ಲಿಗೆ ಕೂಡಿಸುತ್ತದೆ, ಅಲೆ ಯಾವ ತಿಂಗಳಲ್ಲಿ ಜೋರು ಎಂಬುದನ್ನೆಲ್ಲ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದೆ. ಎಲ್ಲರೂ ಗಮನವಿಟ್ಟು ಕೇಳಿದರು. ಮಾವನವರು ತಲೆ ತಗ್ಗಿಸಿ ಕೂತಿದ್ದರು.

ಪಾಠ ಮುಗಿದ ಮೇಲೆ ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡು ತೀರ್ಪು ಹೇಳಿದರು. ಆಚಾರ್ಯರು ರಸ್ತಾದ ಮ್ಯಾಲೆ ಹೋಗಿ ಬಂದಾರ, ಅವರಿಗೆ ದೋಷ ಇಲ್ಲ. ಮಾಸ್ತರ ಮಾತ್ರ ಸಮುದ್ರ ದಾಟ್ಯಾರ, ಅವರೇ ಒಪ್ಪಿಕೊಂಡಾರ.

ಮರುದಿನ ಬೆಳಿಗ್ಗೆ ಮಾವನವರೇ ಎದುರಿಗೆ ಕೂತು ಮಂತ್ರ ಹೇಳಿದರು. ನಾನು ಕಣ್ಣು ಮುಚ್ಚಿ, ಅಂಗೈಯಲ್ಲಿ ಹಿಡಿದ ಪಂಚಗವ್ಯ ಕುಡಿದೆ.