ತಮ್ಮನ ತಾಮ್ರಕ್ಕೆ ನನ್ನ ಹುಣಸೆಹಣ್ಣು

ಪಾತ್ರೆ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಇಡೀ ಮಣಿನಗರ ಬಡಾವಣೆಯಲ್ಲಿ ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದೊಂದಾದರೂ ವಿದ್ಯೆ ಬೇಡವೇ? ಆ ವಿದ್ಯೆಯನ್ನು ತಮ್ಮ ಸತೀಶನ ವಿಜ್ಞಾನದ ಮೇಲೆ ಪ್ರಯೋಗಿಸಿದವಳ ತಪ್ಪೊಪ್ಪಿಗೆ ಇದು.

ಸತೀಶ ಇಲ್ಲೇ ಅಹಮದಾಬಾದಿನಲ್ಲಿ ಸಂಶೋಧನೆ ಮಾಡುತ್ತಾನೆ. ಸಾಸಿವೆಯಷ್ಟು ಸಣ್ಣ ರಾಳದ ಮಣಿಗಳು ಕೊಳಕು ನೀರಿನೊಳಗಿನ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತವಂತೆ. ಮಣಿಯೊಳಗೆ ಆ ತಾಮ್ರ ಯಾರ ಪಕ್ಕ, ಎಷ್ಟು ದೂರದಲ್ಲಿ ಕೂತಿದೆ ಎಂದು ನೋಡಲು ಬೇರೆ ಊರಿನ ದೊಡ್ಡ ಎಕ್ಸ್-ರೇ ಯಂತ್ರವೇ ಬೇಕು. ತಾಮ್ರ ಎಕ್ಸ್-ರೇಯನ್ನು ನುಂಗುವ ರೀತಿಯಲ್ಲೇ ಅದರ ನೆರೆಹೊರೆಯ ಸುಳಿವು ಸಿಗುತ್ತದಂತೆ.

"ಪಂಕ್ತೀಲಿ ಯಾರ ಪಕ್ಕ ಯಾರು ಕೂತ್ರು ಅಂತ ನೋಡೋಕೆ ಅಷ್ಟು ದೂರ ಹೋಗ್ಬೇಕೇನೋ?" ಎಂದೆ. ನಕ್ಕುಬಿಟ್ಟ. ಒಂದು ವರ್ಷ ಕಾದ ಮೇಲೆ ಅವನಿಗೆ ಸಿಕ್ಕಿದ್ದು ಒಂದೇ ಒಂದು ದಿನದ ಸರದಿ.

ಹೊರಡುವ ದಿನ ಮಣಿಗಳ ಸೀಸೆಯನ್ನು ನನ್ನ ಕೈಗೆ ಕೊಟ್ಟು, ಜೋಪಾನವಾಗಿ ಕಟ್ಟಿಡು ಎಂದು ಹೇಳಿ ಕ್ಷೌರಕ್ಕೆ ಹೋದ. ನೋಡುತ್ತೇನೆ, ಮಣಿಗಳಿಗೆಲ್ಲ ಹಸಿರು-ನೀಲಿ ಕಿಲುಬು! ಇಂಥದ್ದನ್ನು ಹಿಡಿದು ದೊಡ್ಡವರ ಮುಂದೆ ನಿಂತರೆ ಮನೆಯ ಮಾನ ಏನಾಗಬೇಕು? ನಿಂಬೆ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕಲ್ಲುಪ್ಪು ಹಾಕಿ ನೆನೆಸಿ, ತಿಕ್ಕಿ, ಜಾಲಿಸಿದೆ. ಮಣಿಗಳು ಜೇನಿನ ಬಣ್ಣಕ್ಕೆ ತಿರುಗಿದವು. ಪಕ್ಕದ ಮನೆಯ ಹಂಸಾಬೆನ್ ಕೂಡ "ಸರಸ್!" ಎಂದು ಮೆಚ್ಚಿದರು. ನೀರು ದಂಡವಾಗಬಾರದೆಂದು ತುಳಸಿ ಕುಂಡಕ್ಕೆ ಸುರಿದೆ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಚಪಾತಿ ಡಬ್ಬಿಯ ಪಕ್ಕ ಇಟ್ಟೆ.

ಮರುದಿನ ಫೋನ್ ಬಂತು. ಮಣಿಗಳ ಬಣ್ಣ ಹೋಗಿದೆ, ಅವುಗಳಲ್ಲಿ ತಾಮ್ರವೇ ಇಲ್ಲ, ಹಿಡಿದದ್ದನ್ನು ದಾರಿಯಲ್ಲೇ ಬಿಟ್ಟುಕೊಟ್ಟಿವೆ, ಇಷ್ಟು ದಿನ ಮಾಡಿದ್ದೆಲ್ಲ ಸುಳ್ಳೆಂದು ಗುರುಗಳಿಗೆ ಹೇಳಿಬಿಡುತ್ತೇನೆ ಎಂದ. ಚಿಕ್ಕಂದಿನಲ್ಲಿ ಗೋಲಿ ಕಳೆದುಕೊಂಡಾಗಿನ ದನಿಯೇ. ಆಗಲೂ ಗೋಲಿ ಬಚ್ಚಿಟ್ಟವಳು ನಾನೇ.

ಮೊದಲು ಸುಳ್ಳು ಹೇಳಿದೆ. ರೈಲಿನಲ್ಲಿ ಬಿಸಿಲಿಗೆ ಬಣ್ಣ ಹೋಗಿರಬೇಕು ಎಂದೆ.

"ಇಲ್ಲ ಕಣಕ್ಕ, ನಾನೇ ಎಲ್ಲೋ ತಪ್ಪಿದ್ದೀನಿ."

ಇನ್ನು ತಡೆಯಲಾಗಲಿಲ್ಲ. "ನೀನು ತಪ್ಪಿಲ್ಲ ಕಣೋ. ಕಿಲುಬು ಅಂತ ನಾನೇ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ."



"ಅಕ್ಕಾ, ಅದು ಕಿಲುಬಲ್ಲ. ಅದೇ ನನ್ನ ತಾಮ್ರ. ಉಪ್ಪೂ ಹಾಕಿದ್ಯಾ?"

"ಒಂದು ಹಿಡಿ."

"ಸರಿಹೋಯ್ತು. ಉಪ್ಪು, ಹುಳಿ. ಲ್ಯಾಬಲ್ಲಿ ನಾವು ತಾಮ್ರ ಬಿಡಿಸೋದೂ ಹೀಗೇನೇ."

ಸರದಿ ಹೋಯಿತು. ಮತ್ತೆ ಅರ್ಜಿ, ಮತ್ತೆ ಕಾಯುವುದು. ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ವಾಪಸು ಬಂದು ಹುಣಸೆ ಡಬ್ಬಿಯ ಮೇಲೆ 'ಅಪಾಯ' ಎಂದು ಚೀಟಿ ಅಂಟಿಸಿದ, ಅಷ್ಟೇ.

ಅಂಥ ಯಂತ್ರಕ್ಕೂ ಸಿಗದ ತಾಮ್ರ ಎಲ್ಲಿ ಹೋಗಿ ಕೂತಿದೆ ಎಂದು ಕೊನೆಗೆ ಪತ್ತೆ ಹಚ್ಚಿದವಳು ಮಾತ್ರ ನಾನೇ. ಎಕ್ಸ್-ರೇ ಬೇಕಾಗಲಿಲ್ಲ. ಮೂರೇ ದಿನಕ್ಕೆ ತುಳಸಿ ಒಣಗಿತು.