ಮಾವನ ಐದನೇ ಚಕ್ರ

ಹೆಣ್ಣು ನೋಡಲು ಹೋದ ದಿನವೇ ಒಪ್ಪಿಕೊಂಡು ಬಂದಿದ್ದ ನನ್ನ ಸೋದರಮಾವ, ಪಿಕಪ್ ಗಾಡಿಗೊಂದು ಕೊಂಡಿ ಆರಿಸಲು ಎಂಟು ತಿಂಗಳು ತೆಗೆದುಕೊಂಡರು! ಈ ಮಾತನ್ನು ಅತ್ತೆಯ ಮುಂದೆ ಆಡಬೇಡಿ. ಆಡಿ ನಾನೊಮ್ಮೆ ಕಾಫಿ ಕಳೆದುಕೊಂಡಿದ್ದೇನೆ.

ಶಿವಾರಪಟ್ಟಣದಲ್ಲಿ ಕೆತ್ತಿದ ಕಲ್ಲಿನ ವಿಗ್ರಹಗಳನ್ನು ಊರೂರಿಗೆ ಮುಟ್ಟಿಸುವುದು ಮಾವನ ಕಸುಬು. ಅವರ ಬಾಲ್ಯದ ಗೆಳೆಯರಾದ ಶಿಲ್ಪಿಯೊಬ್ಬರು ಆಗ ಶುರು ಮಾಡಿದ್ದ ವಿಗ್ರಹ ಗಾಡಿಯ ತೊಟ್ಟಿಗಿಂತ ಉದ್ದ. ಹಿಂದೊಂದು ಟ್ರೈಲರ್ ಬೇಕೇ ಬೇಕು. ಬಂಪರಿಗೆ ಕೊಕ್ಕೆ ಹಾಕಿಸಿದರೆ ಮುಗಿಯಿತು ಎಂದುಕೊಂಡಿರಾ? ಮಾವ ಆಗಲೇ ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೋ ನೋಡಿಬಿಟ್ಟಿದ್ದರು.

"ಕೊಕ್ಕೆ ಹಾಕಿದ್ರೆ ಟ್ರೈಲರ್ ಬಾಲ ಅಲ್ಲಾಡಿಸ್ತದೆ ಕಣೋ. ಫಿಫ್ತ್ ವೀಲ್ ಹಾಕಿಸ್ತೀನಿ."

"ಇರೋ ನಾಲ್ಕಕ್ಕೆ ಗಾಳಿ ಹಿಡ್ಸೋಕೆ ಪುರುಸೊತ್ತಿಲ್ಲ, ಐದನೇದು ಬೇರೆ ಕೇಡು!" ಎಂದರು ಅತ್ತೆ.

ಅದು ಚಕ್ರವೇ ಅಲ್ಲ ಎಂದು ತಿಳಿಸಲು ಮಾವ ಅಡುಗೆಮನೆಯಿಂದ ದೋಸೆ ಹೆಂಚು ತಂದರು. ತೊಟ್ಟಿಯೊಳಗೆ, ಹಿಂದಿನ ಚಕ್ರಗಳ ನೇರಕ್ಕೆ ಇಂಥದೊಂದು ದಪ್ಪ ತಟ್ಟೆ. ಟ್ರೈಲರಿನ ಗೂಟ ಅದರಲ್ಲಿ ಕೂತು ತಿರುಗುತ್ತದೆ. ವಿವರಣೆ ಸೊಗಸಾಗಿತ್ತು. ಆದರೆ ಅದೇ ಹೆಂಚನ್ನು ಮಾಲೂರಿನ ವೆಲ್ಡರಿಗೂ ತೋರಿಸಲು ಒಯ್ದರು. ಅಂದು ಮನೆಮಂದಿಗೆಲ್ಲ ಉಪ್ಪಿಟ್ಟು!

ವೆಲ್ಡರ್ ಗಾಡಿ ಅಳೆದು ತಲೆಯಾಡಿಸಿದ. "ತೊಟ್ಟಿ ಗಿಡ್ಡ ಅಣ್ಣಾ. ತಿರುವಿನಲ್ಲಿ ಟ್ರೈಲರ್ ಮೂತಿ ಕ್ಯಾಬಿನ್‌ಗೆ ಗುದ್ದುತ್ತೆ. ಹಿಂದಕ್ಕೆ ಜಾರೋ ತಟ್ಟೆ ಹಾಕಿದ್ರೆ ಗುದ್ದಲ್ಲ, ಆದ್ರೆ ಕಾಸು ಜಾಸ್ತಿ. ಯಾವ್ದು ಹಾಕ್ಲಿ?"

ಅಲ್ಲಿಗೆ ಮಾವನ ನಿದ್ದೆ ಹೋಯಿತು. ಮುಳಬಾಗಿಲಿನ ಮದುವೆಯೊಂದರ ಊಟದ ಸಾಲಿನಲ್ಲಿ ಪಕ್ಕದವರನ್ನು ಕೇಳಿಯೇಬಿಟ್ಟರು: "ಜಾರೋದು ಒಳ್ಳೇದಾ, ಜಾರ್ದೇ ಇರೋದಾ?" ಪಾಪ, ಅವರು ಗಾಬರಿಯಿಂದ ತಮ್ಮ ಪಂಚೆ ಹಿಡಿದುಕೊಂಡರು!

ಕೊನೆಗೆ ಜಾರುವುದೇ ಗೆದ್ದಿತು. ಆರ್‌ಟಿಓ ಕಚೇರಿಯ ಒಪ್ಪಿಗೆಯೂ ಸಿಕ್ಕಿತು. ವಿಗ್ರಹವನ್ನು ಹುಲ್ಲಿನಲ್ಲಿ ಹುದುಗಿಸಿ ಮಲಗಿಸಿಕೊಂಡು ಆವನಿಯ ಪಕ್ಕದ ಹಳ್ಳಿಗೆ ಹೊರಟೆವು. ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು.

"ಒಂದು ಲಾರಿ ಮಾಡಿದ್ರೆ ಆಗ್ತಿರ್ಲಿಲ್ವಾ ಮಾವ?" ಎಂದು ಇಳಿಯುವಾಗ ರೇಗಿಸಿದೆ.

ನಮ್ಮ ಜೊತೆ ಬಂದಿದ್ದ ಶಿಲ್ಪಿ ಹುಲ್ಲು ಸರಿಸಿ, ವಿಗ್ರಹದ ಬೆರಳುಗಳನ್ನು ಒಂದೊಂದಾಗಿ ಸವರುತ್ತಿದ್ದರು.

"ಹೋದ್ಸಲ ಲಾರಿಲಿ ವಿಗ್ರಹದ ಒಂದು ಬೆರಳು ಮುರೀತು," ಎಂದರು ಮಾವ ಮೆಲ್ಲಗೆ. "ಆಗ ಅವನು ಇನ್ನೊಂದು ಕೆತ್ತಿಕೊಟ್ಟ. ಇದೇ ಕೊನೇದು ಕಣೋ. ಇನ್ಮೇಲೆ ಅವನ ಕೈಲಿ ಉಳಿ ನಿಲ್ಲಲ್ಲ."

"ಎಲ್ಲಾ ನೆಟ್ಟಗಿದೆ ಕಣಯ್ಯ," ಎಂದು ಶಿಲ್ಪಿ ನಕ್ಕರು. ಮಡಿಸಿದ್ದ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಳ್ಳಲು ನೋಡಿದರು, ಬೆರಳು ನಿಲ್ಲಲಿಲ್ಲ. ಮಾವ ಹತ್ತಿರ ಹೋಗಿ ಆ ಗುಂಡಿ ಹಾಕಿದರು.